ಹೈಟಿಯ ಕಾಫಿ ಯಾರ ಸಾಲ ತೀರಿಸಿತು?

ಫ್ರಾನ್ಸ್ ದೇಶದ ಅಧ್ಯಕ್ಷ ಎಮ್ಯಾನುಯೆಲ್ ಮಾಕ್ರಾನ್ ಅವರು 2025ರ ಏಪ್ರಿಲ್ 17ರಂದು ಒಂದು ಹೇಳಿಕೆ ಹೊರಡಿಸಿದರು. ಸರಿಯಾಗಿ ಇನ್ನೂರು ವರ್ಷಗಳ ಹಿಂದೆ, ಅದೇ ದಿನ, ಫ್ರಾನ್ಸಿನ ದೊರೆ ಹೈಟಿ ಎಂಬ ಪುಟ್ಟ ದೇಶದ ಮೇಲೆ ಒಂದು ದಂಡ ಹೇರಿದ್ದ. ಆ ಸಂಗತಿಯನ್ನು ಪರಿಶೀಲಿಸಲು ಎರಡೂ ದೇಶಗಳ ಇತಿಹಾಸಕಾರರ ಸಮಿತಿಯೊಂದನ್ನು ರಚಿಸುವುದಾಗಿ ಅಧ್ಯಕ್ಷರು ಸಾರಿದರು. ಆಗಿನ ಕಾರ್ಯ ಅನ್ಯಾಯವಾಗಿತ್ತೆಂಬ ಧ್ವನಿಯೂ ಹೇಳಿಕೆಯಲ್ಲಿತ್ತು. ವಸೂಲು ಮಾಡಿದ ಹಣವನ್ನು ಹಿಂದಕ್ಕೆ ಕೊಡುತ್ತೇವೆಂಬ ಮಾತು ಮಾತ್ರ ಇರಲಿಲ್ಲ.

ಈ ದಂಡವನ್ನು ತೆತ್ತವರು ಯಾರು? ಯಾವ ಉತ್ಪತ್ತಿಯಿಂದ ತೆತ್ತರು? ಬೆಟ್ಟದ ಇಳಿಜಾರಿನಲ್ಲಿ ಒಂದೆರಡು ಎಕರೆ ಇಟ್ಟುಕೊಂಡ ಬಡ ರೈತರು ತೆತ್ತರು. ಕಾಫಿ ಬೀಜದಿಂದ ತೆತ್ತರು. ತಮ್ಮನ್ನು ದನಗಳಂತೆ ಕೊಂಡು ಮಾರುತ್ತಿದ್ದ ಯಜಮಾನರಿಗೆ, 'ನೀವು ನಮ್ಮನ್ನು ಕಳೆದುಕೊಂಡಿರಿ, ಇದೋ ನಿಮ್ಮ ನಷ್ಟ ಪರಿಹಾರ' ಎಂದು ತಲೆಮಾರುಗಳವರೆಗೆ ಹಣ ಕಟ್ಟಿದರು. ಲೋಕದ ಇತಿಹಾಸದಲ್ಲಿ ಇಂತಹ ಸಾಲಪತ್ರ ಇನ್ನೊಂದನ್ನು ಕಾಣುವುದು ಕಷ್ಟ.

ಈ ಲೆಕ್ಕವನ್ನು ವಾಚಕರ ಮುಂದೆ ಇಡಬೇಕೆಂದು ನಮಗೆ ತೋರಿತು. ಗಿರಣಿಯಲ್ಲಿ ಪಾಳಿಯ ಮೇಲೆ ದುಡಿಯುವವನಿಗೆ ಮಜೂರಿಯಲ್ಲಿ ಕಡಿತವೆಂದರೇನು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟವನಿಗೆ ಬಡ್ಡಿ, ಕಮಿಷನ್, ಸುಂಕ ಎಂದರೇನು ಎಂಬುದನ್ನೂ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಂಡಿತರಿಗಿಂತ ಇವರಿಬ್ಬರೇ ಈ ಲೆಕ್ಕವನ್ನು ಬೇಗ ಹಿಡಿಯಬಲ್ಲರು.

ಗಿಡ ಬಂದ ದಾರಿ

ಹೈಟಿ ಇರುವುದು ಕ್ಯಾರಿಬಿಯನ್ ಸಮುದ್ರದಲ್ಲಿ, ಉತ್ತರ ದಕ್ಷಿಣ ಅಮೆರಿಕಾಗಳ ನಡುವೆ. ಅಲ್ಲಿ ಒಂದು ದೊಡ್ಡ ದ್ವೀಪವಿದೆ. ಅದರ ಪಶ್ಚಿಮದ ಸುಮಾರು ಮೂರನೆಯ ಒಂದು ಭಾಗ ಹೈಟಿ, ಉಳಿದದ್ದು ಡೊಮಿನಿಕನ್ ಗಣರಾಜ್ಯ. ಹೈಟಿಯ ವಿಸ್ತೀರ್ಣ ಸುಮಾರು 27,750 ಚದರ ಕಿಲೋಮೀಟರ್, ಅಂದರೆ ನಮ್ಮ ನೆರೆಯ ಕೇರಳಕ್ಕಿಂತಲೂ ಕಿರಿದು. ಅಲ್ಲಿನ ಮೂಲನಿವಾಸಿಗಳ ಭಾಷೆಯಲ್ಲಿ ಆ ಹೆಸರಿಗೆ ಬೆಟ್ಟಗಳ ನಾಡು ಎಂದರ್ಥ. 1492ರಲ್ಲಿ ಕೊಲಂಬಸ್ ಬಂದಿಳಿದ ಮೇಲೆ ಕೆಲವೇ ದಶಕಗಳಲ್ಲಿ ಆ ಜನ ಬಿಟ್ಟಿ ದುಡಿಮೆಗೂ ರೋಗಕ್ಕೂ ಸಿಕ್ಕಿ ಬಹುಮಟ್ಟಿಗೆ ಅಳಿದುಹೋದರು. 1697ರ ಒಪ್ಪಂದದಂತೆ ಪಶ್ಚಿಮ ಭಾಗ ಫ್ರೆಂಚರ ಕೈಸೇರಿತು. ಅವರು ಅದನ್ನು ಸಾಂ ದೊಮಿಂಗ್ ಎಂದು ಕರೆದರು.

ಕಾಫಿ ಗಿಡ ಆ ದ್ವೀಪದ್ದಲ್ಲ. ಅದರ ವಂಶಾವಳಿಯಲ್ಲಿ ನಮ್ಮ ಕರಾವಳಿಯೂ ಒಂದು ಮೆಟ್ಟಿಲೆಂಬುದು ವಾಚಕರಿಗೆ ಆಶ್ಚರ್ಯವೆನಿಸಬಹುದು. ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯವನ್ನು ನಾವೆಲ್ಲರೂ ಬಲ್ಲೆವು. ಐತಿಹ್ಯದ ಮಾತು ಹಾಗಿರಲಿ. 1696ರಲ್ಲಿಯೂ 1699ರಲ್ಲಿಯೂ ಡಚ್ಚರು ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾ ದ್ವೀಪಕ್ಕೆ ಸಾಗಿಸಿದ್ದು ದಾಖಲೆಯಲ್ಲಿರುವ ಸಂಗತಿ. ಜಾವಾದಿಂದ ಒಂದು ಗಿಡ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋಯಿತು. ಅದರ ಸಂತತಿಯ ಒಂದು ಗಿಡವನ್ನು 1714ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಗಿ ಕೊಟ್ಟರು. ಅಲ್ಲಿಂದ ಒಂದು ಸಸಿ 1720ರ ದಶಕದಲ್ಲಿ ಹಡಗು ಹತ್ತಿ ಮಾರ್ಟಿನಿಕ್ ದ್ವೀಪಕ್ಕೆ ಬಂತು. ಅದೇ ದಶಕದಲ್ಲಿ ಸಾಂ ದೊಮಿಂಗಿನಲ್ಲಿಯೂ ಕಾಫಿ ಬೇರೂರಿತು. ದೊರೆಗಳ ತೋಟದಿಂದ ದೊರೆಗಳ ತೋಟಕ್ಕೆ ಗಿಡ ಮರ್ಯಾದೆಯಿಂದ ಪ್ರಯಾಣ ಮಾಡಿತು. ಅದಕ್ಕೆ ನೀರೆರೆಯಬೇಕಾದವರ ಪ್ರಯಾಣ ಹಾಗಿರಲಿಲ್ಲ.

ಸಂಕೋಲೆಯ ತೋಟಗಳು

ಆ ವಸಾಹತಿನ ಬಯಲು ನೆಲದಲ್ಲಿ ಕಬ್ಬು ಇತ್ತು. ಸಕ್ಕರೆ ಗಾಣಗಳಿಗೆ ದೊಡ್ಡ ಬಂಡವಾಳ ಬೇಕಾಗಿತ್ತು. ಬೆಟ್ಟದ ಮೇಲಿನ ಕಾಫಿಗೆ ಅಷ್ಟು ಬೇಡ. ಒಂದಿಷ್ಟು ಕಾಡು, ಕೆಲವು ಗುಲಾಮರು, ಮೂರು ನಾಲ್ಕು ವರ್ಷದ ತಾಳ್ಮೆ ಇದ್ದರೆ ಸಾಕು, ಫಸಲು ಕೈಗೆ ಬರುತ್ತಿತ್ತು. ಆದುದರಿಂದ 1763ರ ನಂತರ ಫ್ರಾನ್ಸಿನಿಂದ ಬಂದ ಹೊಸ ಹಣಗಾರರು ಬೆಟ್ಟಗಳಿಗೆ ನುಗ್ಗಿದರು. 1780ರ ದಶಕದ ಕೊನೆಯ ಹೊತ್ತಿಗೆ ಲೋಕದಲ್ಲಿ ಮಾರಾಟವಾಗುತ್ತಿದ್ದ ಕಾಫಿಯಲ್ಲಿ ಸುಮಾರು ಅರ್ಧದಷ್ಟು ಈ ಒಂದು ಪುಟ್ಟ ನಾಡಿನದೇ ಆಗಿತ್ತು.

ಇದನ್ನು ಬೆಳೆದವರು ಆಫ್ರಿಕಾದಿಂದ ಸಂಕೋಲೆ ಹಾಕಿ ತಂದ ಜನ. 1789ರಲ್ಲಿ ಅಲ್ಲಿ ಹೆಚ್ಚು ಕಡಿಮೆ ಐದು ಲಕ್ಷ ಗುಲಾಮರಿದ್ದರು. ಬಿಳಿಯರು ಮೂವತ್ತು ಸಾವಿರ ಚಿಲ್ಲರೆ. ಗುಲಾಮರಲ್ಲದ ಕರಿಯರೂ ಮಿಶ್ರವರ್ಣದವರೂ ಸೇರಿ ಹತ್ತಿರ ಹತ್ತಿರ ಅಷ್ಟೇ. ಕಾಡು ಕಡಿಯುವುದು, ಇಳಿಜಾರಿನಲ್ಲಿ ಗುಂಡಿ ತೋಡುವುದು, ಹಣ್ಣು ಬಿಡಿಸಿ ಬುಟ್ಟಿ ಹೊರುವುದು, ಒಣಗಿಸುವುದು, ಕುಟ್ಟುವುದು, ಆರಿಸುವುದು ಎಲ್ಲವೂ ಚಾವಟಿಯ ಕೆಳಗೆ. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚಾದುದರಿಂದ ಆ ವಸಾಹತು ತನ್ನ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಮಂದಿಯನ್ನು ಆಫ್ರಿಕಾದಿಂದ ಹೊಸದಾಗಿ ತರಿಸುತ್ತಿತ್ತು. ಯಂತ್ರದ ಹಲ್ಲು ಸವೆದರೆ ಬೇರೆ ಹಲ್ಲು ಹಾಕುವಂತೆ ಮನುಷ್ಯರನ್ನು ಬದಲಾಯಿಸಲಾಗುತ್ತಿತ್ತು. ಅದೇ ಕಾಲದಲ್ಲಿ ಪ್ಯಾರಿಸ್ ನಗರದ ಕಾಫಿ ಅಂಗಡಿಗಳಲ್ಲಿ ವಿದ್ಯಾವಂತರು ಕುಳಿತು ಮನುಷ್ಯನ ಸಹಜ ಹಕ್ಕುಗಳ ವಿಷಯ ಚರ್ಚಿಸುತ್ತಿದ್ದರು. ಅವರ ಬಟ್ಟಲಿನಲ್ಲಿ ಇದ್ದುದು ಬಹುಪಾಲು ಈ ಗುಲಾಮರ ಕಾಫಿಯೇ.

1791ರ ಆಗಸ್ಟಿನಲ್ಲಿ ಉತ್ತರದ ಬಯಲಿನ ಗುಲಾಮರು ಎದ್ದರು. ಕಬ್ಬಿನ ಗದ್ದೆಗಳೂ ಗಾಣಗಳೂ ಉರಿದುವು. ಬಂಡಾಯ ಕಾಫಿಯ ಬೆಟ್ಟಗಳಿಗೂ ಹಬ್ಬಿತು. 1793ರಲ್ಲಿ ಅಲ್ಲಿದ್ದ ಫ್ರೆಂಚ್ ಅಧಿಕಾರಿಗಳು ಗುಲಾಮಗಿರಿ ರದ್ದಾಯಿತೆಂದು ಸಾರಬೇಕಾಯಿತು. 1794ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಸಭೆಯೂ ಅದನ್ನು ಒಪ್ಪಿತು. ಬಂಡಾಯದ ನಾಯಕರಲ್ಲಿ ಹಿರಿಯನಾದ ತೂಸಾಂ ಲೂವರ್ತೂರ್ ಸ್ವತಃ ಗುಲಾಮನಾಗಿ ಹುಟ್ಟಿದವನು. ಬಿಡುಗಡೆ ಪಡೆದ ಮೇಲೆ 1779ರಲ್ಲಿ ಅವನೇ ಒಂದು ಸಣ್ಣ ಕಾಫಿ ತೋಟವನ್ನು ಅದರ 13 ಗುಲಾಮರ ಸಮೇತ ಗುತ್ತಿಗೆ ಹಿಡಿದಿದ್ದನೆಂದು ದಾಖಲೆಗಳು ಹೇಳುತ್ತವೆ. ವೀರನ ಈ ಸಂಗತಿಯನ್ನು ಮುಚ್ಚಿಡಬೇಕಾದುದಿಲ್ಲ. ಒಬ್ಬನು ಬಿಡುಗಡೆ ಹೊಂದಿ ಮೇಲೇರಿದ ಮಾತ್ರಕ್ಕೆ ವ್ಯವಸ್ಥೆ ಬದಲಾಗುವುದಿಲ್ಲ. ಎಲ್ಲರೂ ಒಟ್ಟಾಗಿ ಎದ್ದಾಗಲೇ ಅದು ಬದಲಾಗುತ್ತದೆಂಬುದಕ್ಕೆ ಅವನ ಬಾಳಿನ ಎರಡು ಭಾಗಗಳೂ ಸಾಕ್ಷಿ.

ನೆಪೋಲಿಯನ್ 1802ರಲ್ಲಿ ದೊಡ್ಡ ಸೈನ್ಯ ಕಳುಹಿಸಿದ. ತೂಸಾಂನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಸಾಗಿಸಿದರು. 1803ರ ಏಪ್ರಿಲ್ 7ರಂದು ಬೆಟ್ಟದ ಕೋಟೆಯ ಚಳಿಯ ಸೆರೆಯಲ್ಲಿ ಅವನು ಸತ್ತ. ಗುಲಾಮಗಿರಿಯನ್ನು ಮತ್ತೆ ತರುವ ಹೂಟ ಇದೆಂದು ಜನಕ್ಕೆ ತಿಳಿದ ಮೇಲೆ ಯುದ್ಧ ನಿಲ್ಲಲಿಲ್ಲ. 1803ರ ನವೆಂಬರ್ 18ರಂದು ವೆರ್ತಿಯೇರ್ ಎಂಬಲ್ಲಿ ಫ್ರೆಂಚ್ ಸೈನ್ಯ ಸೋತಿತು. 1804ರ ಜನವರಿ 1ರಂದು ದೆಸ್ಸಾಲಿನ್‌ನ ನಾಯಕತ್ವದಲ್ಲಿ ಹೈಟಿ ಸ್ವತಂತ್ರವಾಯಿತು. ಗುಲಾಮರು ತಾವೇ ಹೋರಾಡಿ ಕಟ್ಟಿದ ರಾಜ್ಯ ಅದು.

ಬೆಟ್ಟದ ಹೊಸ ಬದುಕು

ಸ್ವತಂತ್ರರಾದ ಜನ ಮಾಡಿದ ಮೊದಲ ಕೆಲಸವೆಂದರೆ ಗುಂಪುಗೂಲಿಯ ತೋಟಗಳಿಗೆ ಬೆನ್ನು ತಿರುಗಿಸಿದ್ದು. ಯಜಮಾನ ಬಿಳಿಯನಾದರೇನು, ತಮ್ಮದೇ ಸೈನ್ಯದ ಜನರಲ್ ಆದರೇನು, ಗಂಟೆ ಹೊಡೆದಾಗ ಎದ್ದು ಪರರ ಹೊಲಕ್ಕೆ ಹೋಗುವ ಬಾಳು ಅವರಿಗೆ ಬೇಡವಾಗಿತ್ತು. ದಕ್ಷಿಣದಲ್ಲಿ ಆಳಿದ ಪೆತಿಯೋನ್ 1809ರಿಂದ ಸೈನಿಕರಿಗೆ ಭೂಮಿ ಹಂಚಿದ. ಬೇರೆಡೆಗಳಲ್ಲಿ ಜನ ತಾವಾಗಿಯೇ ಬೆಟ್ಟ ಹತ್ತಿ ನೆಲೆಸಿದರು. ಸಕ್ಕರೆಗೆ ಗಾಣ ಬೇಕು, ಕಾಲುವೆ ಬೇಕು. ಕಾಫಿಗೆ ಒಂದು ಕುಟುಂಬದ ಕೈಗಳು ಸಾಕು. ಹೀಗೆ ಗುಲಾಮಗಿರಿಯ ಬೆಳೆಯೇ ಸ್ವತಂತ್ರ ರೈತನ ಬೆಳೆಯಾಯಿತು.

ಅವರ ತೋಟದ ರೀತಿಯನ್ನು ನೋಡಿ. ಮೇಲೆ ಮಾವು, ಬೆಣ್ಣೆಹಣ್ಣು ಮೊದಲಾದ ಮರಗಳ ನೆರಳು, ನಡುವೆ ಬಾಳೆ, ಅದರ ಕೆಳಗೆ ಕಾಫಿ, ನೆಲದಲ್ಲಿ ಗೆಣಸು, ಅವರೆ ಜಾತಿಯ ಕಾಳುಗಳು. ಉಣ್ಣುವುದೂ ಮಾರುವುದೂ ಒಂದೇ ತುಂಡು ನೆಲದಲ್ಲಿ. ಹಳೆಯ ಟಿಪಿಕಾ ತಳಿಯ ಗಿಡಗಳೇ ಹೆಚ್ಚು. ಮೇಲೆ ಹೇಳಿದ ಆ ಪ್ರಯಾಣಿಕ ಗಿಡದ ಸಂತತಿ ಇದೇ. ನೆಲ ಹದ ಮಾಡುವಾಗ ನೆರೆಯವರು ಒಟ್ಟುಗೂಡಿ ಹಾಡುತ್ತಾ ಒಬ್ಬರಿಗೊಬ್ಬರು ದುಡಿದುಕೊಡುವ ಪದ್ಧತಿಯಿದೆ. ಅದನ್ನು ಅವರು ಕೊನ್ಬೀಟ್ ಎನ್ನುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಣ್ಣನ್ನು ಮನೆಯಂಗಳದಲ್ಲಿ ಒಣಗಿಸಿ, ಒರಳಿನಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮನೆಗೆ ಬೇಕಾದಷ್ಟನ್ನು ಸಕ್ಕರೆ ಸೇರಿಸಿ ಕಪ್ಪಗೆ ಹುರಿಯುತ್ತಾರೆ. ಬೆಳಗಿನ ಹೊತ್ತು ಕಡುಸಿಹಿ ಕಾಫಿಯಲ್ಲಿ ಬ್ರೆಡ್ಡು ಅದ್ದಿ ತಿಂದು ಕೆಲಸಕ್ಕೆ ಹೊರಡುತ್ತಾರೆ. ಸಾವಿನ ಮನೆಯಲ್ಲಿ ರಾತ್ರಿ ಜಾಗರ ಕೂತವರಿಗೆ ಕಾಫಿ ಕೊಡುವುದು ರೂಢಿ. ಕುಡಿಯುವ ಮೊದಲು ನಾಲ್ಕು ಹನಿ ನೆಲಕ್ಕೆ ಸುರಿದು ಗತಿಸಿದ ಹಿರಿಯರಿಗೆ ಅರ್ಪಿಸುವವರೂ ಉಂಟು. ಗತಿಸಿದ ಆ ಹಿರಿಯರು ಯಾರ ತೋಟದಲ್ಲಿ ಹೇಗೆ ಸತ್ತವರೆಂದು ನೆನೆದರೆ ಆ ನಾಲ್ಕು ಹನಿಗಳ ಅರ್ಥ ಮನಸ್ಸಿಗೆ ತಟ್ಟುತ್ತದೆ.

ತೋಪಿನ ಮುಂದೆ ಬರೆಸಿಕೊಂಡ ಸಾಲಪತ್ರ

ಇಪ್ಪತ್ತೊಂದು ವರ್ಷ ಹೀಗೆ ನಡೆಯಿತು. ಯಾವ ದೊಡ್ಡ ರಾಷ್ಟ್ರವೂ ಹೈಟಿಗೆ ಮಾನ್ಯತೆ ಕೊಡಲಿಲ್ಲ. ಸ್ವಾತಂತ್ರ್ಯದ ಘೋಷಣೆ ಮಾಡಿ ಹುಟ್ಟಿದ ಅಮೆರಿಕಾ ಸಂಯುಕ್ತ ಸಂಸ್ಥಾನವೇ 1862ರವರೆಗೆ ಹೈಟಿಯನ್ನು ಒಪ್ಪಲಿಲ್ಲ. ತನ್ನ ಗುಲಾಮರು ಈ ಪಾಠ ಕಲಿತಾರೆಂಬ ಅಂಜಿಕೆ ಅದಕ್ಕೆ. 1825ರ ಏಪ್ರಿಲ್ 17ರಂದು ಫ್ರಾನ್ಸಿನ ಹತ್ತನೆಯ ಚಾರ್ಲ್ಸ್ ದೊರೆ ಒಂದು ಆಜ್ಞೆ ಹೊರಡಿಸಿದ. ಹೈಟಿಯವರು 15 ಕೋಟಿ ಫ್ರಾಂಕುಗಳನ್ನು ಐದು ವಾರ್ಷಿಕ ಕಂತುಗಳಲ್ಲಿ ಹಳೆಯ ಯಜಮಾನರ ಪರಿಹಾರಕ್ಕಾಗಿ ಕೊಡಬೇಕು; ಫ್ರೆಂಚ್ ಹಡಗುಗಳಿಂದ ಅರ್ಧ ಸುಂಕ ಮಾತ್ರ ತೆಗೆದುಕೊಳ್ಳಬೇಕು; ಹಾಗಾದರೆ ಅವರ ಸ್ವಾತಂತ್ರ್ಯವನ್ನು ಒಪ್ಪಲಾಗುವುದು. ಜುಲೈ ತಿಂಗಳಲ್ಲಿ ಈ ಆಜ್ಞೆ ರಾಜಧಾನಿ ಪೋರ್ಟ್-ಓ-ಪ್ರಿನ್ಸಿಗೆ ಬಂತು. ಕಾಗದದ ಹಿಂದೆ ಹದಿನಾಲ್ಕು ಯುದ್ಧದ ಹಡಗುಗಳೂ ಸುಮಾರು ಐದು ನೂರು ತೋಪುಗಳೂ ಬಂದುವು. ಅಧ್ಯಕ್ಷ ಬ್ವಾಯೇ ರುಜು ಹಾಕಿದ.

ಈ ಮೊತ್ತ ಎಷ್ಟು ದೊಡ್ಡದು? ವ್ಯಾಪಾರ ಬಲ್ಲವರು ಇದೊಂದು ಹೋಲಿಕೆಯನ್ನು ಗಮನಿಸಲಿ. 1803ರಲ್ಲಿ ಇದೇ ಫ್ರಾನ್ಸ್ ಲೂಯಿಸಿಯಾನಾ ಪ್ರಾಂತವನ್ನು ಅಮೆರಿಕಾಕ್ಕೆ 8 ಕೋಟಿ ಫ್ರಾಂಕುಗಳಿಗೆ ಮಾರಿತು. ಆ ಪ್ರಾಂತ ಹೈಟಿಯ ಎಪ್ಪತ್ತು ಪಟ್ಟಿಗೂ ದೊಡ್ಡದು. ಅಷ್ಟು ನೆಲಕ್ಕೆ 8 ಕೋಟಿ. ಹೈಟಿಯವರು ಆಗಲೇ ರಕ್ತ ಸುರಿಸಿ ಗೆದ್ದುಕೊಂಡ ಬೆಟ್ಟಗಳಿಗೆ 15 ಕೋಟಿ! ಈ ಬೆಲೆಯಲ್ಲಿ ನೆಲದ ಬೆಲೆ ಮಾತ್ರ ಸೇರಿರಲಿಲ್ಲ, ಮನುಷ್ಯರ ಬೆಲೆಯೂ ಸೇರಿತ್ತು. ಹಳೆಯ ಯಜಮಾನರ ಅರ್ಜಿಗಳನ್ನು ಪರಿಶೀಲಿಸಿ, ಯಾರಿಗೆಷ್ಟು ಪರಿಹಾರವೆಂದು ಫ್ರೆಂಚ್ ಸರಕಾರ 1828ರಿಂದ 1834ರವರೆಗೆ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿತು. ಅವರ ಲೆಕ್ಕ ಅಷ್ಟು ಚೊಕ್ಕ.

ಮೊದಲನೆಯ ಕಂತು 3 ಕೋಟಿ ಫ್ರಾಂಕು. ಅದೊಂದೇ ಹೈಟಿ ಸರಕಾರದ ಒಂದು ವರ್ಷದ ಆದಾಯದ ಹಲವು ಪಟ್ಟು. ಕೊಡುವುದಕ್ಕೆ ಬೊಕ್ಕಸದಲ್ಲಿ ಹಣವಿಲ್ಲ. ಆದುದರಿಂದ ಪ್ಯಾರಿಸ್ಸಿನ ಸಾಹುಕಾರರಿಂದಲೇ 3 ಕೋಟಿ ಸಾಲ ಎತ್ತಬೇಕಾಯಿತು. ಸಾಹುಕಾರರು 60 ಲಕ್ಷವನ್ನು ಮೊದಲೇ ಮುರಿದುಕೊಂಡು 2 ಕೋಟಿ 40 ಲಕ್ಷ ಕೊಟ್ಟರು. ಬಡ್ಡಿ ಮಾತ್ರ ಪೂರ್ತಿ 3 ಕೋಟಿಯ ಮೇಲೆ. ನೂರು ರೂಪಾಯಿಗೆ ಪತ್ರ ಬರೆಸಿಕೊಂಡು ಎಂಬತ್ತು ಕೈಗೆ ಕೊಡುವ ಲೇವಾದೇವಿಗಾರನನ್ನು ನಮ್ಮ ವಾಚಕರು ಕಂಡಿಲ್ಲವೇ? ದಂಡವೂ ಫ್ರಾನ್ಸಿಗೆ, ದಂಡ ಕಟ್ಟಲು ಎತ್ತಿದ ಸಾಲದ ಬಡ್ಡಿಯೂ ಫ್ರಾನ್ಸಿಗೆ. ಹೈಟಿಯ ಇತಿಹಾಸಕಾರರು ಇದನ್ನು ಇಮ್ಮಡಿ ಸಾಲವೆಂದು ಕರೆಯುತ್ತಾರೆ.

ಕಡಿತ ಕೊನೆಗೆ ಬಿದ್ದದ್ದು ಎಲ್ಲಿ?

ಸರಕಾರಕ್ಕೆ ಈ ಹಣ ಬರಬೇಕಾದುದು ಎಲ್ಲಿಂದ? ದೇಶದಿಂದ ಹೊರಗೆ ಹೋಗುತ್ತಿದ್ದ ಮುಖ್ಯ ಸರಕು ಕಾಫಿ. ಬಂದರಿನಲ್ಲಿ ಮೂಟೆಯ ಮೇಲೆ ಸುಂಕ ಹಾಕುವುದು ಸುಲಭ. ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಹೈಟಿ ಸರಕಾರ ಬದುಕಿದ್ದು ಮುಖ್ಯವಾಗಿ ಕಾಫಿಯ ರಫ್ತು ಸುಂಕದಿಂದ.

ಸುಂಕ ಕಟ್ಟುತ್ತಿದ್ದವನು ಬಂದರಿನ ರಫ್ತು ವರ್ತಕ. ಆದರೆ ತೆರುತ್ತಿದ್ದವನು ಅವನಲ್ಲ. ಲೋಕದ ಪೇಟೆಯಲ್ಲಿ ಕಾಫಿಯ ದರವನ್ನು ಅವನು ಏರಿಸಲಾರ. ಆದುದರಿಂದ ಕಟ್ಟಿದ ಸುಂಕವನ್ನು ಕೊಳ್ಳುವ ದರದಲ್ಲಿ ಕಳೆಯುತ್ತಿದ್ದ. ಅವನಿಗೆ ಮಾರುತ್ತಿದ್ದವನು ಊರಿನ ದಲ್ಲಾಳಿ, ಅಲ್ಲಿನ ಭಾಷೆಯಲ್ಲಿ ಸ್ಪೆಕ್ಯುಲೇಟರ್. ಅವನು ತನ್ನ ಕಡಿತವನ್ನು ರೈತನ ಮೇಲೆ ಹಾಕುತ್ತಿದ್ದ. ಫಸಲಿಗೆ ಮುಂಚೆ ಸಾಲ ಕೊಟ್ಟು ಫಸಲನ್ನು ಅಗ್ಗವಾಗಿ ಕಟ್ಟಿಸಿಕೊಳ್ಳುತ್ತಿದ್ದ. ರೈತನ ಕೆಳಗೆ ಮತ್ತಾರೂ ಇಲ್ಲ. ಅವನು ಯಾರ ಮೇಲೆ ಹಾಕಬೇಕು? ತನ್ನ ಹೊಟ್ಟೆಯ ಮೇಲೆ, ಮಕ್ಕಳ ಬಟ್ಟೆಯ ಮೇಲೆ, ಮಣ್ಣಿನ ಮೇಲೆ ಹಾಕಿದ. ಹೀಗೆ ಪ್ಯಾರಿಸ್ಸಿನ ಕಂತು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬೆಟ್ಟದ ಗುಡಿಸಲಿಗೆ ಮುಟ್ಟಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ವ್ಯಾಪಾರವೆಲ್ಲ ಒಂದೇ ಬಗೆಯದಲ್ಲ. ಹೈಟಿಯಲ್ಲಿ ಮದಾನ್ ಸಾರಾ ಎಂಬ ಹೆಂಗಸರಿದ್ದಾರೆ. ಬೆಟ್ಟದ ಸಂತೆಗಳಲ್ಲಿ ಕಾಳು, ಹಣ್ಣು, ತರಕಾರಿ ಕೊಂಡು, ತಲೆಯ ಮೇಲೆ ಹೊತ್ತು, ಕತ್ತೆಯ ಮೇಲೆ ಹೇರಿ, ಈಗ ಲಾರಿಗಳ ಮೇಲೆ ಕುಳಿತು ಪಟ್ಟಣಕ್ಕೆ ತಲುಪಿಸುತ್ತಾರೆ. ದೇಶದ ಹೊಟ್ಟೆ ತುಂಬುವುದು ಅವರ ಕಾಲಿನ ಬಲದಿಂದ. ಅವರ ಲಾಭ ಅವರ ದುಡಿಮೆಯ ಕೂಲಿ. ಬಂದರಿನ ದೊಡ್ಡ ಮನೆಗಳ ಲಾಭ ಬೇರೆ ಜಾತಿಯದು. ನಮ್ಮ ಸಣ್ಣ ವ್ಯಾಪಾರಿಗಳು ತಾವು ಈ ಎರಡರಲ್ಲಿ ಯಾರ ನೆಂಟರೆಂದು ತಾವೇ ನಿರ್ಧರಿಸಲಿ.

ದಂಡ ಕಟ್ಟಬೇಕಾದ ಒತ್ತಡದಲ್ಲಿ ಬ್ವಾಯೇ 1826ರಲ್ಲಿ ಗ್ರಾಮ ಕಾಯಿದೆಯೆಂಬುದನ್ನು ತಂದ. ರೈತರು ನೆಲ ಬಿಟ್ಟು ಪಟ್ಟಣಕ್ಕೆ ಹೋಗಬಾರದು. ದುಡಿಮೆಗಾರರು ಸಂಘ ಕಟ್ಟಿ ತೋಟ ನಡೆಸಬಾರದು. ಹಳ್ಳಿಗಾಡಿನಲ್ಲಿ ಅಂಗಡಿ ಇಡಬಾರದು. ಯಾರ ಬಿಡುಗಡೆಗಾಗಿ ಯುದ್ಧವಾಯಿತೋ ಅವರನ್ನೇ ಮತ್ತೆ ನೆಲಕ್ಕೆ ಕಟ್ಟುವ ಯತ್ನವಿದು. ಜನ ಇದಕ್ಕೆ ಸೊಪ್ಪು ಹಾಕಲಿಲ್ಲ. ಕಾಯಿದೆ ಬಹುಪಾಲು ಕಾಗದದಲ್ಲೇ ಉಳಿಯಿತು. ಸುಂಕ ಮಾತ್ರ ಕಾಗದದಲ್ಲಿ ಉಳಿಯಲಿಲ್ಲ.

ಸಾಲದಿಂದ ಸಾಲ

1838ರಲ್ಲಿ ದಂಡವನ್ನು ಒಟ್ಟು 9 ಕೋಟಿಗೆ ಇಳಿಸಿದರು. ಅದು ತೀರುವ ಹೊತ್ತಿಗೆ 1880ರ ದಶಕ ಬಂತು. ಅಷ್ಟರಲ್ಲಿ ಹಳೆಯ ಸಾಲದ ಜಾಗದಲ್ಲಿ ಹೊಸ ಸಾಲಗಳು ಕುಳಿತಿದ್ದುವು. 1875ರಲ್ಲಿ ಪ್ಯಾರಿಸ್ಸಿನ ಒಂದು ದೊಡ್ಡ ಬ್ಯಾಂಕು ಹೈಟಿಗೆ ಸಾಲ ಕೊಡಿಸಿತು. 1880ರಲ್ಲಿ ಅದೇ ಬ್ಯಾಂಕು ಹೈಟಿಯ ರಾಷ್ಟ್ರೀಯ ಬ್ಯಾಂಕನ್ನು ಸ್ಥಾಪಿಸಿತು. ಹೆಸರು ಹೈಟಿಯದು, ಆಡಳಿತ ಪ್ಯಾರಿಸ್ಸಿನದು. ಸರಕಾರದ ಹಣ ಒಳಗೆ ಹೋದರೂ ಕಮಿಷನ್, ಹೊರಗೆ ಬಂದರೂ ಕಮಿಷನ್. 1911ರ ಲೆಕ್ಕವೊಂದನ್ನು ನೋಡಿ: ಕಾಫಿಯ ಸುಂಕದಿಂದ ಬಂದ ಪ್ರತಿ 3 ಡಾಲರಿನಲ್ಲಿ 2.53 ಡಾಲರ್ ಫ್ರೆಂಚ್ ಸಾಲಗಾರರಿಗೆ ಹೋಯಿತು. ಉಳಿದ 47 ಸೆಂಟಿನಲ್ಲಿ ಶಾಲೆ ಕಟ್ಟಬೇಕು, ರಸ್ತೆ ಹಾಕಬೇಕು, ಆಸ್ಪತ್ರೆ ನಡೆಸಬೇಕು!

ಬಳಿಕ ಅಮೆರಿಕಾದ ಸರದಿ ಬಂತು. 1914ರ ಡಿಸೆಂಬರಿನಲ್ಲಿ ಅಮೆರಿಕಾದ ನೌಕಾ ಸೈನಿಕರು ಹೈಟಿಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಹಡಗಿಗೇರಿಸಿ ನ್ಯೂಯಾರ್ಕಿಗೆ ಸಾಗಿಸಿದರು. 1915ರಿಂದ 1934ರವರೆಗೆ ದೇಶವೇ ಅವರ ಸೈನ್ಯದ ಹಿಡಿತದಲ್ಲಿತ್ತು. ಸುಂಕದ ಕಟ್ಟೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ರಸ್ತೆಗಾಗಿ ರೈತರನ್ನು ಬಿಟ್ಟಿ ಹಿಡಿದರು. ಇದನ್ನು ಎದುರಿಸಿ ಎದ್ದ ಶಾರ್ಲಮಾಞ್ ಪೆರಾಲ್ತ್‌ನನ್ನು 1919ರಲ್ಲಿ ಕೊಂದರು. 1929ರಲ್ಲಿ ಕಾಫಿಯ ದರ ಬಿತ್ತು, ತೆರಿಗೆ ಇಳಿಯಲಿಲ್ಲ. ಡಿಸೆಂಬರ್ 6ರಂದು ದಕ್ಷಿಣದ ಮಾರ್ಶಾತೇರ್ ಎಂಬಲ್ಲಿ ಪ್ರತಿಭಟಿಸಲು ಬಂದ ರೈತರ ಮೇಲೆ ಗುಂಡು ಹಾರಿತು. ಕನಿಷ್ಠ 12 ಮಂದಿ ಸತ್ತರು. ಫ್ರೆಂಚ್ ಸಾಲವನ್ನು ತೀರಿಸಲು 1922ರಲ್ಲಿ ಅಮೆರಿಕಾದಿಂದ ಎತ್ತಿದ ಸಾಲ ಕೊನೆಗೂ ತೀರಿದ್ದು 1947ರಲ್ಲಿ. ನಾವು ಸ್ವತಂತ್ರರಾದ ವರ್ಷವೇ ಅದು. 1804ರಲ್ಲಿ ಸ್ವತಂತ್ರವಾದ ದೇಶ ತನ್ನ ಸ್ವಾತಂತ್ರ್ಯದ ಸಾಲದ ಬಾಲವನ್ನು ಕಡಿದುಕೊಳ್ಳಲು 143 ವರ್ಷ ಹಿಡಿಯಿತು.

ಆಕ್ಷೇಪಗಳಿಗೆ ಉತ್ತರ

ಇದಕ್ಕೆ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಮೊದಲನೆಯದು: ಹೈಟಿಯ ಬಡತನಕ್ಕೆ ಹೈಟಿಯ ಆಳುವವರೇ ಕಾರಣವಲ್ಲವೇ? ಅವರ ತಪ್ಪಿಲ್ಲವೆಂದು ನಾವು ಹೇಳುವುದಿಲ್ಲ. ದಂಡಕ್ಕೆ ರುಜು ಹಾಕಿದವನು ಅಲ್ಲಿನ ಅಧ್ಯಕ್ಷ. ಹೊರೆಯನ್ನು ಉಳ್ಳವರ ಮೇಲೆ ಹಾಕದೆ ರೈತನ ಕಾಫಿಯ ಮೇಲೆ ಹಾಕಿದವರು ಅಲ್ಲಿನ ಮಂತ್ರಿಗಳು. 1957ರಿಂದ 1986ರವರೆಗೆ ಆಳಿದ ಡುವಾಲಿಯೇ ತಂದೆ ಮಗ ದೇಶವನ್ನು ಸುಲಿದರು. ಆದರೆ ಮನೆಯವನೂ ಕದ್ದನೆಂದ ಮಾತ್ರಕ್ಕೆ ಹೊರಗಿನಿಂದ ಬಂದ ಕಳ್ಳನು ಕದ್ದದ್ದು ಅವನ ಸ್ವತ್ತಾಗುವುದೇ? ರಸ್ತೆ, ಶಾಲೆಗಳಿಗೆ ಮೊದಲ ನೂರು ವರ್ಷಗಳಲ್ಲಿ ಹಾಕಬೇಕಾದ ಹಣವೆಲ್ಲ ಹೊರಗೆ ಹರಿದುಹೋದ ದೇಶದಲ್ಲಿ ಗಟ್ಟಿಯಾದ ಆಡಳಿತ ಬೆಳೆಯುವುದಾದರೂ ಹೇಗೆ?

ಎರಡನೆಯದು: ಇದು ಹಳೆಯ ಕಥೆ, ಕೊಟ್ಟವರೂ ಸತ್ತರು, ಪಡೆದವರೂ ಸತ್ತರು. ಮನುಷ್ಯರು ಸತ್ತರು ನಿಜ, ಸಂಸ್ಥೆಗಳು ಸತ್ತಿಲ್ಲ. ಫ್ರೆಂಚ್ ಸರಕಾರ ಇದೆ. ಹೈಟಿಯ ಕಂತುಗಳನ್ನು ತೆಗೆದುಕೊಂಡು ಯಜಮಾನರಿಗೆ ಹಂಚಿದ ಸರಕಾರಿ ಠೇವಣಿ ಸಂಸ್ಥೆ ಇದೆ. ಆರು ಸಂಪುಟಗಳ ಲೆಕ್ಕವೂ ಇದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2022ರಲ್ಲಿ ದಾಖಲೆಗಳನ್ನು ಕೂಡಿಸಿ ನೋಡಿ, ದಂಡ ಮತ್ತು ಅದಕ್ಕಾಗಿ ಎತ್ತಿದ ಮೊದಲ ಸಾಲದ ಲೆಕ್ಕದಲ್ಲಿ ಹೈಟಿ ತೆತ್ತದ್ದು ಸುಮಾರು 11 ಕೋಟಿ 20 ಲಕ್ಷ ಫ್ರಾಂಕು, ಈಗಿನ ಬೆಲೆಯಲ್ಲಿ 56 ಕೋಟಿ ಡಾಲರ್ ಎಂದು ಹೇಳಿತು. ಆ ಹಣ ದೇಶದೊಳಗೇ ಉಳಿದಿದ್ದರೆ ಆಗುತ್ತಿದ್ದ ಬೆಳವಣಿಗೆಯನ್ನೂ ಸೇರಿಸಿದರೆ ನಷ್ಟ 2,100 ಕೋಟಿಯಿಂದ 11,500 ಕೋಟಿ ಡಾಲರ್‌ವರೆಗೆ ಎಂದು ಅಂದಾಜು ಮಾಡಿತು. 2003ರಲ್ಲಿ ಹೈಟಿಯ ಅಧ್ಯಕ್ಷ ಆರಿಸ್ತೀದ್ ಸುಮಾರು 2,170 ಕೋಟಿ ಡಾಲರ್ ಹಿಂದಿರುಗಿಸಬೇಕೆಂದು ಕೇಳಿದಾಗ ಹಲವರು ನಕ್ಕರು. 2004ರ ಫೆಬ್ರವರಿಯಲ್ಲಿ ಅವರು ಪದಚ್ಯುತರಾದರು. ನಂತರ ಬಂದ ಹಂಗಾಮಿ ಸರಕಾರ ಆ ಬೇಡಿಕೆಯನ್ನು ಕೈಬಿಟ್ಟಿತು. ನಕ್ಕವರು ಈಗ ಲೆಕ್ಕ ನೋಡಲಿ.

ಹಣ ಸೇರಬೇಕಾದ ಜಾಗ

ಇಂದು ಆ ಬೆಟ್ಟಗಳ ಸ್ಥಿತಿಯೇನು? 1963ರಲ್ಲಿ ಫ್ಲೋರಾ ಚಂಡಮಾರುತ ಸಾವಿರಾರು ಜನರನ್ನು ಕೊಂದು ದಕ್ಷಿಣದ ತೋಟಗಳನ್ನು ನೆಲಸಮ ಮಾಡಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಪಾಲು ಪದ್ಧತಿ ಮುರಿದುಬಿದ್ದಾಗ ಲೋಕದಲ್ಲೆಲ್ಲ ದರ ಕುಸಿಯಿತು. ಎಲೆಯ ತುಕ್ಕು ರೋಗ, ಕಾಯಿ ಕೊರೆಯುವ ಹುಳು ಬಂದುವು. ಗಿಡಗಳು ಮುದಿಯಾದುವು. ದರ ಸಿಗದ ರೈತ ಕಾಫಿಯನ್ನೂ ನೆರಳಿನ ಮರವನ್ನೂ ಕಡಿದು ಇದ್ದಿಲು ಸುಟ್ಟು, ಆ ಇಳಿಜಾರಿನಲ್ಲಿ ಜೋಳ ಬಿತ್ತುತ್ತಾನೆ. ಮಳೆ ಬಂದಾಗ ಮಣ್ಣು ಕೊಚ್ಚಿ ಸಮುದ್ರ ಸೇರುತ್ತದೆ. ಒಮ್ಮೆ ಲೋಕದ ಅರ್ಧ ಕಾಫಿ ಕೊಟ್ಟ ನಾಡಿನಿಂದ ಇಂದು ಹೊರಗೆ ಹೋಗುವುದು ಅತ್ಯಲ್ಪ. ಅದರಲ್ಲಿಯೂ ಬಹಳಷ್ಟು ಗಡಿ ದಾಟಿ ನೆರೆಯ ದೇಶದ ವ್ಯಾಪಾರಿಗಳ ಕೈ ಸೇರುತ್ತದೆ. ರಾಜಧಾನಿಯಲ್ಲಿ ಬಂದೂಕಿನ ತಂಡಗಳ ಹಾವಳಿಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದೆ. ಬೆಟ್ಟದ ಸುದ್ದಿ ಬರುವುದಿಲ್ಲ.

ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇವೆ. ಸಮಿತಿ ಬೇಡವೆಂದಲ್ಲ, ಸತ್ಯ ದಾಖಲೆಯಾಗಲಿ. ಆದರೆ ಸಾಲಗಾರನು ತನ್ನ ಸಾಲವನ್ನು ಅಭ್ಯಾಸ ಮಾಡುತ್ತಾ ಕುಳಿತರೆ ಸಾಲ ತೀರುವುದಿಲ್ಲ. ಫ್ರಾನ್ಸ್ ಆ ಹಣವನ್ನು ಹಿಂದಿರುಗಿಸಬೇಕು. ದಾನವೆಂದು ಕೊಡಬಾರದು, ಹೊಸ ಸಾಲವೆಂದು ಕೊಡಬಾರದು, ತನ್ನ ಗುತ್ತಿಗೆದಾರರಿಗೇ ಮರಳಿ ಹೋಗುವ ನೆರವೆಂದೂ ಕೊಡಬಾರದು. ಹೈಟಿಯವರ ಹಣವೆಂದು ಒಪ್ಪಿ ಕೊಡಬೇಕು. ಬಂದ ಹಣ ಬಂದರಿನ ದೊಡ್ಡ ಮನೆಗಳಲ್ಲಿಯೂ ಮಂತ್ರಿಗಳ ಖಾತೆಗಳಲ್ಲಿಯೂ ತಂಗಬಾರದು. ಯಾರ ಬೆನ್ನಿನಿಂದ ಅದು ಹೊರಟಿತೋ ಅಲ್ಲಿಗೆ ಹೋಗಬೇಕು. ಸಸಿಮಡಿಗಳು, ಬೆಟ್ಟದ ರಸ್ತೆಗಳು, ಹಣ್ಣು ತೊಳೆದು ಸಂಸ್ಕರಿಸುವ ರೈತ ಸಹಕಾರ ಸಂಘಗಳು, ಸರಿಯಾದ ತಕ್ಕಡಿ, ಫಸಲಿಗೆ ಮುಂಚೆ ನ್ಯಾಯವಾದ ಬಡ್ಡಿಯ ಸಾಲ, ಊರಿಗೊಂದು ಶಾಲೆ: ಇವು ಬೆಟ್ಟದ ರೈತನಿಗೆ ಇನ್ನೂರು ವರ್ಷಗಳಿಂದ ಬರಬೇಕಾದ ಬಾಕಿ.

ಇಷ್ಟು ದೂರದ ಜನರ ವಿಷಯದಲ್ಲಿ ನಾವು ಮಾಡಬಹುದಾದುದು ಸ್ವಲ್ಪವೇ. ಆದರೆ ಹೈಟಿ ಬಡದೇಶ, ಸೋಮಾರಿಗಳ ದೇಶ, ಶಾಪಗ್ರಸ್ತ ದೇಶ ಎಂದು ಯಾರಾದರೂ ನಮ್ಮ ಮುಂದೆ ಹೇಳಿದರೆ ಸುಮ್ಮನಿರಬೇಕಾಗಿಲ್ಲ. ಆ ದೇಶ ತನ್ನ ಬಿಡುಗಡೆಯನ್ನು ಒಮ್ಮೆ ರಕ್ತದಿಂದ ಕೊಂಡಿತು, ಇನ್ನೊಮ್ಮೆ ಕಾಫಿಯಿಂದ ಕೊಂಡಿತು ಎಂದು ಅವರಿಗೆ ಹೇಳಿ. ಎರಡನೆಯ ಬೆಲೆಯ ರಸೀತಿ ಫ್ರಾನ್ಸಿನ ಕಡತಗಳಲ್ಲಿ ಇನ್ನೂ ಇದೆ. ಹಣ ಹಿಂದಕ್ಕೆ ಬರುವುದು ಬಾಕಿ.